ಎಸ್ಸೆಸ್ಸೆಲ್ಸಿ ಆದ್ಮೇಲೆ ಡಿಪ್ಲೊಮಾನಾ, ಐಟಿಐನಾ, ಜಿಟಿಟಿಸಿನಾ? ಬಲ್ಲವರು ಹೇಳಿ

ಪ್ರಶ್ನೆ: ಹಾಸನದ ಹತ್ತಿರ ನಮ್ಮೂರು. ಮಗನಿಗೆ 62%. ಗಣಿತ ಅಷ್ಟಕ್ಕಷ್ಟೆ, ಆದರೆ ಮೋಟರ್ ಬಿಚ್ಚಿ ಕಟ್ಟೋದ್ರಲ್ಲಿ ಕೈ ಚುರುಕು. ಪಿಯು ಸೈನ್ಸ್ ಬೇಡ ಅಂತಾನೆ. ಡಿಪ್ಲೊಮಾ, ಐಟಿಐ, ಇಲ್ಲಾ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಎಲ್ಲಿಗೆ ಸೇರಿಸಲಿ, ಕಾಲೇಜಲ್ಲಿ ಏನು ನೋಡಲಿ?

ಉತ್ತರ 1: ಮೊದಲು ಮುಂದಿನ ದಾರಿ ನೋಡಿ, ಆಮೇಲೆ ಕಾಲೇಜು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ 3 ವರ್ಷ. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ಕಿರಿಯ ಎಂಜಿನಿಯರ್ ಹುದ್ದೆಗೆ ಅದೇ ಅರ್ಹತೆ. ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷಕ್ಕೇ ಪ್ರವೇಶ. ಐಟಿಐ ಎಲೆಕ್ಟ್ರಿಷಿಯನ್, ಫಿಟ್ಟರ್ 2 ವರ್ಷ. ರೈಲ್ವೆ ಸಹಾಯಕ ಲೋಕೋ ಪೈಲಟ್‌ಗೆ ಐಟಿಐ, ಡಿಪ್ಲೊಮಾ ಎರಡೂ ನಡೆಯುತ್ತೆ. ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರೋ ದಾರಿಯೂ ಇದೆ. ಒಂದು ಮಾತು ಮಾತ್ರ ನೆನಪಿರಲಿ: ‘ಗಣಿತ ತಪ್ಪಿಸಿಕೊಳ್ಳೋಕೆ ಡಿಪ್ಲೊಮಾ’ ಅನ್ನೋ ಲೆಕ್ಕ ಕೈಕೊಡುತ್ತೆ. ಮೊದಲ ವರ್ಷದಲ್ಲೇ ಗಣಿತ ಇದೆ. ಬಿಇಗೆ ಹೋದವರು ನೇರ ಮೂರನೇ ಸೆಮಿಸ್ಟರ್‌ಗೆ ಕೂರ್ತಾರೆ, ಪಿಯುದವರು ಎರಡು ವರ್ಷ ತಿದ್ದಿದ ಕ್ಯಾಲ್ಕುಲಸ್ ಇವರಿಗೆ ಅಷ್ಟು ರೂಢಿ ಇರಲ್ಲ, ಬ್ಯಾಕ್‌ಲಾಗ್ ಶುರುವಾಗೋದು ಅಲ್ಲೇ.

ಉತ್ತರ 2: ಕಟ್ಟಡ, ಫ್ಲೆಕ್ಸ್ ನೋಡಬೇಡಿ. ಕ್ಲಾಸ್ ನಡೆಯೋ ದಿನ, ಬೆಳಿಗ್ಗೆ 11ರ ಸುಮಾರಿಗೆ ವರ್ಕ್‌ಶಾಪಿಗೆ ಹೋಗಿ. ಲೇತ್ (ಲೋಹ ಕಡೆಯೋ ಯಂತ್ರ) ಕೆಳಗಿನ ಟ್ರೇ ಬಗ್ಗಿ ನೋಡಿ. ಹೊಳೆಯೋ ಹೊಸ ಲೋಹದ ಚೂರು, ಎಣ್ಣೆ ಜಿಡ್ಡು ಇದ್ರೆ ಮೆಷಿನ್ ಓಡ್ತಿದೆ. ಬೆಡ್ ಮೇಲೆ ತುಕ್ಕು, ಟ್ರೇಯಲ್ಲಿ ಧೂಳು ಇದ್ರೆ ಅದು ತಪಾಸಣೆ ದಿನಕ್ಕೆ ಮಾತ್ರ ಇರೋ ಮೆಷಿನ್. ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಯಂತ್ರ) ಕೋಣೆಗೆ ಬೀಗ ಇದ್ರೆ ಬೀಗದ ಕೈ ಯಾರ ಹತ್ರ ಅಂತ ಕೇಳಿ. ಹುಡುಗರು ಮಾಡಿದ ಫಿಟ್ಟಿಂಗ್ ಜಾಬ್ ಕೈಗೆ ತಗೊಂಡು ಎರಡು ತುಂಡು ಜೋಡಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಧಾರಾಳ ತೂರಿ ಬಂದ್ರೆ ಕಲಿಸುವವರು ಪಕ್ಕದಲ್ಲಿ ನಿಂತಿಲ್ಲ ಅಂತ ಅರ್ಥ. ದಪ್ಪ ಅಳೆಯೋ ಮೈಕ್ರೋಮೀಟರ್ ಎಷ್ಟಿವೆ ಕೇಳಿ. ಐಟಿಐಯಲ್ಲಿ ಒಂದು ಯೂನಿಟ್‌ಗೆ 20 ಜನ, ಅಷ್ಟಕ್ಕೂ ಎರಡೇ ಇದ್ರೆ 0.01 ಮಿ.ಮೀ. ಓದೋದು ಪುಸ್ತಕದಲ್ಲೇ ಉಳಿಯುತ್ತೆ.

ಸರ್ಕಾರಿ ಐಟಿಐ ಅಂದ್ರೆ ಮೂಗು ಮುರಿಯೋದು ಹಳೇ ಚಾಳಿ. ಟಾಟಾ ಟೆಕ್ನಾಲಜೀಸ್ ಜೊತೆ ಮೇಲ್ದರ್ಜೆಗೇರಿಸಿದ 150 ಐಟಿಐಗಳು ರಾಜ್ಯದಲ್ಲಿವೆ. ಅಲ್ಲಿನ ಹೊಸ ಮೆಷಿನ್‌ಗಳಿಗೆ ತರಬೇತಿ ಪಡೆದ ಬೋಧಕರು ಇದ್ದಾರಾ ಅನ್ನೋದೊಂದೇ ಪ್ರಶ್ನೆ.

ಉತ್ತರ 3: ಕೈ ಚುರುಕು ಅಂದ್ರಲ್ಲ, ಹಾಸನದಲ್ಲೇ ಜಿಟಿಟಿಸಿ ಇದೆ, ನನ್ನ ಓಟು ಅದಕ್ಕೇ. ಟೂಲ್ ಆಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡೋದು) ಡಿಪ್ಲೊಮಾ ಅಲ್ಲಿ 3 ವರ್ಷ ಓದು, 1 ವರ್ಷ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್. ಪಾಲಿಟೆಕ್ನಿಕ್‌ಗಿಂತ ಒಂದು ವರ್ಷ ಜಾಸ್ತಿ, ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ದಿನಗಟ್ಟಲೆ ನಿಂತು ಫೈಲಿಂಗ್, ಗ್ರೈಂಡಿಂಗ್. ಮೊದಲ ವರ್ಷದಲ್ಲೇ ಬಿಟ್ಟು ಬರೋರು ಇದಕ್ಕೇ ಬರೋದು. ಮೋಟರ್ ವೈಂಡಿಂಗ್, ಪ್ಯಾನೆಲ್ ಕಡೆ ಒಲವಿದ್ರೆ ಮಾತ್ರ ಎಲೆಕ್ಟ್ರಿಕಲ್ಲೇ ಸರಿ, ಡೈ ಮೇಕಿಂಗ್ ಪೂರ್ತಿ ಬೇರೆ ಲೋಕ.

ಉತ್ತರ 4: ಕಾಗದಪತ್ರ. ಖಾಸಗಿ ಐಟಿಐ ಆದ್ರೆ ಆ ಟ್ರೇಡ್‌ಗೇ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಡಿಜಿಟಿಯ (ಹಿಂದೆ ಎನ್‌ಸಿವಿಟಿ) ಮಾನ್ಯತೆ ಇದೆಯಾ ನೋಡಿ. ಸಂಸ್ಥೆಗೆ ಇದ್ದು ಟ್ರೇಡ್‌ಗೆ ಇಲ್ಲದಿರಬಹುದು. ಖಾಸಗಿ ಪಾಲಿಟೆಕ್ನಿಕ್‌ಗೆ ಆ ವರ್ಷದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮೋದನೆ ಪತ್ರ ಕೇಳಿ. ಹಳ್ಳಿಯಲ್ಲಿ, ಕನ್ನಡದಲ್ಲಿ 1ರಿಂದ 10 ಓದಿದ್ರೆ ಮೀಸಲಾತಿಗೆ ಬೇಕಾದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಈಗಲೇ ಮಾಡಿಸಿ. ಎರಡು ಶಾಲೆ ಬದಲಿಸಿದ್ರೆ ಎರಡರಿಂದಲೂ ಬೇಕು. ಕೊನೇ ದಿನ ಒದ್ದಾಡೋದು ಇದಕ್ಕೇ. ಜಾತಿ, ಆದಾಯದ್ದು ನಾಡಕಚೇರಿಯಲ್ಲಿ. ಮೂಲ ಅಂಕಪಟ್ಟಿ ಕೊಟ್ಟರೆ ಸಹಿ, ಸೀಲು ಇರೋ ರಸೀದಿ ಇಲ್ಲದೆ ಹೊರಗೆ ಬರಬೇಡಿ.

ಉತ್ತರ 5: ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದ್ರೆ ಹೋದ ವರ್ಷದ ಮೂರು ಆಫರ್ ಲೆಟರ್ ತೋರಿಸಿ ಅನ್ನಿ. ಸಂಬಳ ಕೊಡೋರು ಕಂಪನಿಯೋ ಲೇಬರ್ ಕಂಟ್ರಾಕ್ಟರೋ, ಹುದ್ದೆ ಟ್ರೈನಿಯೋ ಅಪ್ರೆಂಟಿಸೋ, ಅವಧಿ ಎಷ್ಟು ತಿಂಗಳು, ಇಷ್ಟನ್ನು ಓದಿ. ತೋರಿಸಲ್ಲ ಅಂದ್ರೆ ಕ್ಯಾಂಟೀನಲ್ಲಿ ಕೊನೇ ವರ್ಷದ ಹುಡುಗರ ಪಕ್ಕ ಕೂತು ಒಂದು ಕಾಫಿ ಕುಡಿಯಿರಿ, ಎಲ್ಲ ಹೇಳ್ತಾರೆ.