9 ಎಂಎಂ ಬೋಲ್ಟ್ ಕಾರ್ಬೈನೋ, .315 ರೈಫಲ್ಲೋ? ಇಟ್ಕೊಂಡಿರೋರು ಹೇಳಿ

ಕೇಳಿದವರು, ಮಧುಗಿರಿ: ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಅರ್ಜಿ ಹಾಕ್ತಿದ್ದೀನಿ. ಕಡಲೇಕಾಯಿ ಹೊಲ, ಸುತ್ತ ಬಂಡೆ, ರಾತ್ರಿ ಹಂದಿ ಕಾಟ. ಪಿಸ್ತೂಲು ತೋಟಾ ಹಾರಿಸೋ ಬೋಲ್ಟ್ ಕಾರ್ಬೈನ್‌ಗೆ (ಪ್ರತಿ ಸಲ ಬೋಲ್ಟನ್ನ ಕೈಯಲ್ಲೇ ಎಳೆಯೋ ಗಿಡ್ಡ ರೈಫಲ್) ಒದೆತ ಕಮ್ಮಿ ಅಂತಾರೆ. ಸಿಗುತ್ತಾ? ಇಲ್ಲಾ .315 ತಗೊಳ್ಳೋದಾ?

ಪಾವಗಡ: 9 ಎಂಎಂ ಆಸೆ ಬಿಟ್ಬಿಡಿ. ಬೋಲ್ಟ್ ಇದ್ರೆ ಪರವಾಗಿಲ್ಲ ಅಂತ ಹೇಳಿದೋರು ಶಸ್ತ್ರಾಸ್ತ್ರ ನಿಯಮ ಓದಿಲ್ಲ. ನಿಯಮ ನೋಡೋದು ಚೇಂಬರಿನಲ್ಲಿ (ನಳಿಗೆಯ ಬುಡದಲ್ಲಿ ತೋಟಾ ಕೂರೋ ಜಾಗ) ಏನು ಕೂರುತ್ತೆ ಅನ್ನೋದನ್ನ. .380, .455 ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ತೋಟಾ, ಸೇನೆಯ 9 ಎಂಎಂ, .45 ರಿಮ್‌ಲೆಸ್, ಇವನ್ನ ಹಾರಿಸೋ ಪಿಸ್ತೂಲು, ರಿವಾಲ್ವರ್, ಕಾರ್ಬೈನ್ ಎಲ್ಲಾ ನಿಷೇಧಿತ ಬೋರ್, ಅಂದ್ರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ‘ಕಾರ್ಬೈನ್’ ಅನ್ನೋ ಪದವೇ ಅಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಲೀ-ಎನ್‌ಫೀಲ್ಡ್ ಬೋಲ್ಟಿಗೆ .45 ನಳಿಗೆ ಕೂರಿಸಿ ಮಾಡಿದ ಡಿ ಲಿಸ್ಲ್ ಕೂಡ ಇಲ್ಲಿ ಅದೇ ಪಟ್ಟಿಗೆ ಬೀಳುತ್ತೆ.

.315 ತಗೊಳ್ಳಿ. 244 ಗ್ರೇನ್ (ಸುಮಾರು 16 ಗ್ರಾಂ) ಗುಂಡು, ಸೆಕೆಂಡಿಗೆ 600 ಮೀಟರಿನ ಆಸುಪಾಸು. ಕಾರ್ಬೈನಿನಿಂದ ಹೊರಟ 115 ಗ್ರೇನಿನ 9 ಎಂಎಂಗಿಂತ ಹೊಡೆತದ ಶಕ್ತಿ ಸುಮಾರು ಐದರಷ್ಟು. ಒಂದೇ ಎಚ್ಚರ: ತೋಟಾಕ್ಕೆ ರಿಮ್ ಇದೆ. ಮ್ಯಾಗಜೀನ್ ತುಂಬುವಾಗ ಮೇಲಿನದರ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಕೂರಲೇಬೇಕು. ಹಿಂದೆ ಬಿದ್ರೆ ಬೋಲ್ಟ್ ತಳ್ಳಿದಾಗ ಎರಡೂ ಕಚ್ಕೊಂಡು ನಿಲ್ತವೆ. ಆಗ ಬಲ ಹಾಕ್ಬೇಡಿ, ಮ್ಯಾಗಜೀನ್ ತೆಗೆದು ಮತ್ತೆ ಜೋಡಿಸಿ.

ಚಿಂತಾಮಣಿ: ಪೂರ್ತಿ ಹೇಳಿ ಸ್ವಾಮಿ. .357 ನಿಷೇಧಿತ ಅಲ್ಲ. ರೂಗರ್ 77/357 ಅಂತ ಬೋಲ್ಟ್ ಕಾರ್ಬೈನೇ ಇದೆ, 18.5 ಇಂಚು ನಳಿಗೆ, 5 ತೋಟಾ. .38 ಸ್ಪೆಷಲ್ಲೂ ಹಾರುತ್ತೆ. ಬೋಲ್ಟ್ ಕೈಯಲ್ಲೇ ಎಳೆಯೋದ್ರಿಂದ ಮೆದು ತೋಟಾ ಹಾಕಿದ್ರೂ ಸಿಕ್ಕಿಕೊಳ್ಳಲ್ಲ. .38ರ ಚಿಕ್ಕ ಕೋಶ (ತೋಟಾದ ಹಿತ್ತಾಳೆ ಕವಚ) ಜಾಸ್ತಿ ಹಾರಿಸಿದ್ರೆ ಚೇಂಬರಿನ ಮುಂಭಾಗದಲ್ಲಿ ಮಸಿಯ ಉಂಗುರ ಕಟ್ಟುತ್ತೆ, ಆಮೇಲೆ .357ರ ಉದ್ದ ತೋಟಾ ಬಿಗಿಯಾಗುತ್ತೆ. ಹಿತ್ತಾಳೆ ಬ್ರಷ್ ಹಾಕಿ ಕೆರೆದ್ರೆ ಸರಿಹೋಗುತ್ತೆ.

ಬಂಗಾರಪೇಟೆ: ತಪ್ಪು ಹೇಳಿ ಜನಾನ ಜೈಲಿಗೆ ಕಳಿಸ್ತೀರಾ? .38ರ ಚೇಂಬರಿನಲ್ಲಿ .380 ಕೂರುತ್ತೆ. ಅಲ್ಲಿಗೆ ಅದೂ ನಿಷೇಧಿತ.

ಚಿಂತಾಮಣಿ: ಅಳೆದು ಮಾತಾಡಿ. .380 ರಿವಾಲ್ವರ್ ಕೋಶದ ಬುಡ .386 ಇಂಚು, .357ರದ್ದು .379. ಇಂಚಿನ ಸಾವಿರದಲ್ಲಿ ಏಳು ಪಾಲು ದಪ್ಪ, ಒಳಗೆ ಹೋಗಲ್ಲ. ಕ್ಯಾಲಿಪರ್ ಹಿಡಿಯದೆ ಕಾನೂನು ಹೇಳ್ಬೇಡಿ.

ಪಾವಗಡ: ಅಳತೆ ಸರಿ. ಆದ್ರೆ ಕೋವಿ ಎಲ್ಲಿಂದ ತರ್ತಾರೆ? ಅಂಗಡಿಗೆ ವಿದೇಶಿ ಕೋವಿ ತರಿಸೋ ದಾರಿ 80ರ ದಶಕದಲ್ಲೇ ಮುಚ್ಚಿದೆ. ಹಳೇದು ಕೈ ಬದಲಾದ್ರೆ ಲಕ್ಷಗಳ ಮಾತು, ತೋಟಾನೂ ಸಿಗಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಕೋವಿ. ಸಿಗದ ತೋಟಾಕ್ಕೆ ಅದರಲ್ಲಿ ಒಂದನ್ನ ಕೊಡೋದು ದಡ್ಡತನ.

ಬಂಗಾರಪೇಟೆ: ಅಳತೆ ಒಪ್ಪಿದೆ. ಆದ್ರೆ ಬಂಡೆ ನಡುವೆ .315 ಅನ್ನೋದನ್ನ ಒಪ್ಪಲ್ಲ. ಕಲ್ಲಿಗೆ ಬಡಿದ ರೈಫಲ್ ಗುಂಡು ಯಾವ ಊರಿಗೆ ಹೋಗುತ್ತೋ ಹೇಳಕ್ಕಾಗಲ್ಲ. ಪುಟ್ಟ .22 ಕೂಡ ಕಿಲೋಮೀಟರ್ ದಾಟುತ್ತೆ. 12 ಬೋರ್ (ಒಂದೇ ತೋಟಾದಲ್ಲಿ ಹಲವು ಗುಂಡು ಹಾರಿಸೋ ಕೋವಿ) ತಗೊಳ್ಳಿ. ಗುಂಡಿನ ಅಳತೆಗಳಲ್ಲಿ ಎಲ್‌ಜಿ ಔನ್ಸಿಗೆ 6 ಗುಂಡು, ಎಸ್‌ಜಿ ಔನ್ಸಿಗೆ 8. ಮೂವತ್ತು ಮೀಟರ್ ಮೀರಿ ಹೊಡೀಬೇಡಿ. ಹಾಗಂತ ಎಲ್‌ಜಿನೂ ಬಂಡೆಗೆ ಬಡಿದು ಹಾರುತ್ತೆ, ಗುರಿಯ ಹಿಂದೆ ಮಣ್ಣಿನ ಬದು ಇರ್ಲಿ.

ಹಳೇ ಜೋಡಿನಳಿಗೆ ಕೊಂಡ್ರೆ ಚೇಂಬರ್ ಉದ್ದ ನೋಡಿಸಿ. 65 ಮಿ.ಮೀ. ಚೇಂಬರಿನೊಳಕ್ಕೆ 70ರ ತೋಟಾ ಸಲೀಸಾಗಿ ಹೋಗುತ್ತೆ, ಬಾಯಿ ಮಡಿಸಿರೋದ್ರಿಂದ. ಹಾರಿದಾಗ ಆ ಮಡಿಕೆ ಬಿಚ್ಚೋಕೆ ಜಾಗ ಇಲ್ಲದೆ ಒತ್ತಡ ಏರುತ್ತೆ. ಒಳಗೆ ಹೋಯ್ತು ಅಂದ್ರೆ ಸರಿಯಿದೆ ಅಂತಲ್ಲ. ಹಳೇ ಕಾಗದದ ತೋಟಾ ಮಳೆಗಾಲಕ್ಕೆ ಉಬ್ಬಿ ಅರ್ಧಕ್ಕೇ ನಿಲ್ಲುತ್ತೆ.

ಗೌರಿಬಿದನೂರು: ಬೋರ್ ಜಗಳ ಆಮೇಲಿರಲಿ. ಕೋವಿ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯೋ ಅನುಮತಿ ಅಲ್ಲ. 2022ರ ತಿದ್ದುಪಡಿ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆಯೇ ಬೇಕು. ನಿಮ್ಮ ತಾಲ್ಲೂಕಲ್ಲೇ ಮೈದೇನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶ ಇದೆ, ಕೃಷ್ಣಮೃಗ ಮೊದಲನೇ ಅನುಸೂಚಿ. ಕತ್ತಲಲ್ಲಿ ಅಲುಗಿದ್ದಕ್ಕೆಲ್ಲ ಗುರಿ ಇಡಬೇಡಿ.

ಪಾವಗಡ: ಅನುಮತಿ ಬರೋಷ್ಟರಲ್ಲಿ ಕಾಯಿ ಉಳಿದಿರುತ್ತಾ?

ಗೌರಿಬಿದನೂರು: ಉಳಿಯಲ್ಲ ಅಂತ ಕೇಸ್ ಹಾಕಿಸ್ಕೊಳ್ಳೋಕೆ ಹೇಳ್ತೀರಾ? ಬಿತ್ತನೆಗೆ ಮುಂಚೆಯೇ ಅರ್ಜಿ ಕೊಡ್ಲಿ. ಅಲ್ಲಿವರೆಗೆ ಸೋಲಾರ್ ಬೇಲಿ. ತಂತಿಗೆ ಕಳೆ ತಾಗಿದ್ರೆ ಕರೆಂಟ್ ಭೂಮಿಗೆ ಸೋರಿ ಹೊಡೆತ ಸಾಯುತ್ತೆ, ಬೇಲಿ ಬುಡ ಸವರ್ತಾ ಇರ್ಬೇಕು.

ಶಿರಾ: ಯಾರೂ ಹೇಳದ ಖರ್ಚು ಚುನಾವಣೆದು. ನೀತಿ ಸಂಹಿತೆ ಬಂದ್ರೆ ಕೋವಿ ಠಾಣೆಗೆ ಒಪ್ಪಿಸು ಅಂತಾರೆ, ಅದೂ ಬೆಳೆ ನಿಂತಿರುವಾಗ. ಪಾವಗಡದಂಥ ಕಡೆಯಿಂದ ತುಮಕೂರು ಡಿಸಿ ಆಫೀಸಿಗೆ ಒಂದು ಸಹಿಗೆ ಹೋಗಿ ಬಂದ್ರೆ ಹತ್ತಿರ ಹತ್ತಿರ 200 ಕಿ.ಮೀ. ಒಪ್ಪಿಸೋ ಮುಂಚೆ ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಎಳೀರಿ. ಬಾಯಿಗೆ ಬಟ್ಟೆ ತುರುಕಬೇಡಿ, ತೇವ ಅಲ್ಲೇ ನಿಂತು ತುಕ್ಕು ಹಿಡಿಯುತ್ತೆ. ರಸೀತಿಯಲ್ಲಿ ಕೋವಿ ನಂಬರ್, ತೋಟಾ ಎಣಿಕೆ ಎರಡೂ ಬರೆಸಿ.

ಬಂಗಾರಪೇಟೆ: ಬಟ್ಟೆ ಇಡದಿದ್ರೆ ಕಣಜದ ಹುಳ ನಳಿಗೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತೆ, ಅದಕ್ಕೇನು ಮಾಡ್ತೀರಿ?

ಶಿರಾ: ವಾಪಸ್ ತಂದ ದಿನವೇ ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ನೋಡ್ಬೇಕು. ಒಳಗೆ ಏನಾದ್ರೂ ಅಡ್ಡ ಇರೋ ನಳಿಗೆಯಲ್ಲಿ ಗುಂಡು ಹಾರಿಸಿದ್ರೆ ನಳಿಗೆ ಉಬ್ಬುತ್ತೆ, ಇಲ್ಲಾ ಸೀಳುತ್ತೆ.