ಬಯಾಪ್ಸಿ ರಿಪೋರ್ಟಿನಲ್ಲಿ ‘ಫ್ಲೇಮ್ ಫಿಗರ್’ ಅಂತಿದೆ, ಏನಿದು?

ತೋಟದಮನೆ, ತೀರ್ಥಹಳ್ಳಿ:
ಅಪ್ಪಯ್ಯನಿಗೆ 62. ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಸುವ ಹೊತ್ತಿಗೆ ಮೀನಖಂಡ ಕೆಂಪಗೆ ಊದಿತು. ತುರಿಕೆಯಂತೂ ಹೇಳತೀರದು. ಎರಡು ಕೋರ್ಸ್ ಆಂಟಿಬಯಾಟಿಕ್ ನುಂಗಿದರೂ ಇಳಿಯಲಿಲ್ಲ. ಶಿವಮೊಗ್ಗದಲ್ಲಿ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ‘ಇಯೋಸಿನೋಫಿಲಿಕ್ ಸೆಲ್ಯುಲೈಟಿಸ್, ಫ್ಲೇಮ್ ಫಿಗರ್ ಇದೆ, ವೆಲ್ಸ್ ಸಿಂಡ್ರೋಮ್ ಇರಬಹುದು’ ಅಂತ ಬಂದಿದೆ. ಡಾಕ್ಟರ್ ಸಿಗೋದು ಸೋಮವಾರ. ಕ್ಯಾನ್ಸರ್ ಇರಬೇಕು ಅಂತ ಅಪ್ಪಯ್ಯ ಊಟ ಬಿಟ್ಟಿದ್ದಾರೆ.

ಮೇಣದಚ್ಚು, ಶಿವಮೊಗ್ಗ:
ಮೊದಲು ಅವರಿಗೆ ಊಟ ಹಾಕಿ. ಇದು ಕ್ಯಾನ್ಸರಿನ ಹೆಸರಲ್ಲ. ಇಯೋಸಿನೋಫಿಲ್ ಅನ್ನೋ ರಕ್ತಕಣ ಚರ್ಮದಲ್ಲಿ ತುಂಬಿಕೊಂಡು ಊದುವ ಅಪರೂಪದ ಕಾಯಿಲೆ, ವೆಲ್ಸ್ ಸಿಂಡ್ರೋಮ್ ಅನ್ನೋದು ಅದರದ್ದೇ ಇನ್ನೊಂದು ಹೆಸರು.

ನಾನು ಡಾಕ್ಟರಲ್ಲ, ಲ್ಯಾಬ್ ಟೆಕ್ನೀಶಿಯನ್. ಅಕ್ಕಿಕಾಳಿನಷ್ಟು ಚರ್ಮವನ್ನು ಮೇಣದಲ್ಲಿ ಕೂರಿಸಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ಯುವುದು ನನ್ನ ಕೆಲಸ. ಬಿಸಿನೀರಿನ ಮೇಲೆ ಬಿಟ್ಟರೆ ಹಾಲಿನ ಕೆನೆಯ ಹಾಗೆ ಹರಡುತ್ತದೆ. (ಆಗ ಯಾರಾದರೂ ಸೀನಿದರೆ ಮುಗೀತು!) ಆಮೇಲೆ ಇಯೋಸಿನ್ ಬಣ್ಣ. ಅದನ್ನು ಹೀರಿ ಕೆಂಪಾಗುವ ಬಿಳಿ ರಕ್ತಕಣವೇ ಇಯೋಸಿನೋಫಿಲ್. 1879ರಲ್ಲಿ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಚ್ ಗುರುತಿಸಿದ್ದು. ಈ ಕಣಗಳ ಹೊಟ್ಟೆ ತುಂಬಾ ಕೆಂಪು ಕಾಳು. ಕಾಳು ಒಡೆದು ಅದರೊಳಗಿನ ಪ್ರೋಟೀನ್ ಚರ್ಮದ ಕೊಲಾಜನ್ ನಾರಿಗೆ ಮೆತ್ತಿಕೊಂಡರೆ ಕಡುಗುಲಾಬಿ ಗಂಟಾಗುತ್ತದೆ. ಅದರ ಅಂಚು ಬೆಂಕಿಯ ನಾಲಗೆ ಚಾಚಿದ ಹಾಗಿರುತ್ತದೆ. ಫ್ಲೇಮ್ ಅಂದದ್ದು ಅದಕ್ಕೇ. ನನ್ನ 19 ವರ್ಷದಲ್ಲಿ ಇಂಥ ಸ್ಲೈಡ್ ಬಂದದ್ದು ಮೂರೇ ಸಲ.

ಆದರೆ ಜ್ವಾಲೆ ಕಂಡ ಮಾತ್ರಕ್ಕೆ ವೆಲ್ಸ್ ಅಂತ ಹೇಳೋಕಾಗಲ್ಲ. ಹುಳ ಕಚ್ಚಿದರೂ, ಹೊಟ್ಟೆಯಲ್ಲಿ ಜಂತು ಇದ್ದರೂ, ಯಾವುದಾದರೂ ಮಾತ್ರೆ ಒಗ್ಗದಿದ್ದರೂ ಕಾಣಬಹುದು. ‘ಇರಬಹುದು’ ಅಂತ ಬರೆದದ್ದು ಅದಕ್ಕೆ. ಸ್ಲೈಡ್ ಅರ್ಧ ಕಥೆ ಹೇಳುತ್ತದೆ, ಉಳಿದರ್ಧ ಕಾಲು ನೋಡಿದವರು ಹೇಳಬೇಕು.

ಕೊಪ್ಪದ ಸೊಸೆ:
ನಮ್ಮತ್ತೆಗೆ ಇದೇ ಆಗಿತ್ತು. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದ ನಾಲ್ಕೇ ದಿನಕ್ಕೆ ಉರಿ ನಿಂತಿತು, ಕಲೆ ಉಳಿಯಲಿಲ್ಲ. ಮರುವರ್ಷ ಇನ್ನೊಂದು ಸಲ ಬಂತು ನೋಡಿ. ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ. ಸುಮ್ನೆ ಸೊಪ್ಪುಗಿಪ್ಪು ಅರೆದು ಹಚ್ಚಬೇಡಿ.

ತೋಟದಮನೆ, ತೀರ್ಥಹಳ್ಳಿ:
ಈಗ ನೆನಪಾಯ್ತು. ಊದುವ ವಾರದ ಹಿಂದೆ ಕೊಟ್ಟಿಗೆಯಲ್ಲಿ ಅದೇ ಕಾಲಿಗೆ ಉಣುಗು ಕಚ್ಚಿತ್ತು. ಅಪ್ಪಯ್ಯನೇ ಕಿತ್ತು ಬಿಸಾಡಿದ್ದರು. ಹೇಳಬೇಕಾ?

ಮೇಣದಚ್ಚು, ಶಿವಮೊಗ್ಗ:
ಅದನ್ನೇ ಮೊದಲು ಹೇಳಿ! ಕಚ್ಚಿದ ದಿನ, ನುಂಗಿದ ಮಾತ್ರೆ ಎಲ್ಲಾ ಬರೆದುಕೊಂಡು ಹೋಗಿ.

ತೋಟದಮನೆ, ತೀರ್ಥಹಳ್ಳಿ:
ಗಂಜಿ ಉಂಡರು. ‘ನನ್ನ ಕಾಲಿನ ಬೆಂಕಿಯ ಫೋಟೋ ಕೊಡ್ತಾರಾ ಕೇಳು’ ಅಂತಿದ್ದಾರೆ.