ಅಪ್‌ಡೇಟ್: ಉಪ್ಪಿನಕಾಯಿ ಬ್ರಾಡ್‌ಕಾಸ್ಟ್ ಎಲ್ಲರಿಗೂ ಯಾಕೆ ಮುಟ್ಟುತ್ತಿರಲಿಲ್ಲ ಅನ್ನುವುದಕ್ಕೆ ಕಾರಣ ಸಿಕ್ಕಿತು

ಶಿರಸಿಯಿಂದ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿ ಬೆಲ್ಲ (ನೀರಾದ ಬೆಲ್ಲ) ಮಾರುವವರು ನಾವು. ವಾಟ್ಸಾಪ್ ಬಿಸಿನೆಸ್‌ನಲ್ಲಿ 180 ಜನಕ್ಕೆ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಪಟ್ಟಿಯಲ್ಲಿದ್ದವರಿಗೆಲ್ಲ ಒಟ್ಟಿಗೆ ಕಳಿಸುವುದು) ಕಳಿಸಿದರೆ ನಲವತ್ತು ಜನಕ್ಕೂ ಮುಟ್ಟುವುದಿಲ್ಲ, ಯಾಕೆ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ.

ನೀವು ಹೇಳಿದ್ದೇ ಸರಿ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುವುದು. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು ಅಂತ ಖುಷಿಪಟ್ಟಿದ್ದೆನೇ ಹೊರತು ಇದು ತಲೆಗೆ ಹೋಗಿರಲಿಲ್ಲ.

ಹಾಗಾಗಿ ಡಬ್ಬಿಯ ಮುಚ್ಚಳಕ್ಕೆ ಚೀಟಿ ಅಂಟಿಸತೊಡಗಿದೆ: 'ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸ್ತೇವೆ'. ಪಕ್ಕದಲ್ಲಿ ಕ್ಯೂಆರ್ ಕೋಡ್. ಮೊದಲ ಕಂತಿನಲ್ಲಿ ಉಪ್ಪುನೀರು ಜಿನುಗಿ ಶಾಯಿ ಹರಡಿ, ಕೋಡ್ ಇದ್ದಲ್ಲಿ ಬರೀ ಕಪ್ಪು ಕಲೆ! "ಹೊರಗಿನ ಪೆಟ್ಟಿಗೆಗೆ ಹಚ್ಚಾ, ಮೇಲಿಂದ ಟೇಪು ಎಳಿ" ಅಂದವಳು ಆಯಿ. ಈಗ ಹಾಗೇ ಮಾಡುತ್ತಿದ್ದೇನೆ. ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಹಾಕಿ ಕೇಳಿಕೊಂಡೆ, ಎರಡು ಸಂಜೆ ಹಿಡಿಯಿತು. ಹೋದ ವಾರ ಕಳಿಸಿದ್ದು ನೂರಾ ಹತ್ತು ಜನಕ್ಕೆ ಮುಟ್ಟಿದೆ.

ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ (ಮಾರುವ ವಸ್ತುಗಳ ಪಟ್ಟಿ) ಬೆಲೆ ಹಾಕಿದ ಮೇಲೆ 'ರೇಟೆಷ್ಟು' ಅನ್ನುವುದು ಕಡಿಮೆಯಾಗಿದೆ, ನಿಂತಿಲ್ಲ.

ಇನ್‌ಸ್ಟಾಗ್ರಾಮ್ ರೀಲ್ ಕೂಡ ಮಾಡಿದೆ, ಆಯಿ ಮಿಡಿ ಆರಿಸುವುದು. ನೋಡಿದವರು ಬಹಳ, ಆರ್ಡರ್ ಎರಡು. ಅದರಲ್ಲೊಂದು ಬೆಂಗಳೂರಿನ ನಮ್ಮ ಅತ್ತೆಯದ್ದೇ. ಸದ್ಯಕ್ಕೆ ಚೀಟಿಯೇ ವಾಸಿ ಅನ್ನಿಸಿದೆ.

ಜೋನಿ ಬೆಲ್ಲ ಕೊರಿಯರ್‌ನಲ್ಲಿ ಸೋರುವ ತಾಪತ್ರಯ ಮಾತ್ರ ಹಾಗೇ ಇದೆ. ಯಾವ ಡಬ್ಬಿ ಬಳಸುತ್ತೀರಿ, ಗೊತ್ತಿದ್ದವರು ಹೇಳಿ.